ಸಂಡಿಗೆ ಮೇಲೆ ಬಿದ್ದ ಹನಿ

ಮುಳಬಾಗಿಲಿನ ಗುಡಿ ಬೀದಿಯಲ್ಲಿ ತಿರುಮಲಮ್ಮನ ಸಂಡಿಗೆಗೆ ಒಂದು ಹೆಸರಿತ್ತು. ರುಚಿಯ ಮಾತು ಬಿಡಿ, ರುಚಿಯಾಗಿ ಮಾಡೋರು ಊರಲ್ಲಿ ಇನ್ನೂ ನಾಲ್ಕು ಜನ ಸಿಗ್ತಾರೆ. ಆದರೆ ಆಕೆ ಒದ್ದೆ ಪಂಚೆಯ ಮೇಲೆ ಸಂಡಿಗೆ ಇಡೋದನ್ನ ನೋಡಬೇಕಿತ್ತು. ಒಂದರಿಂದ ಒಂದಕ್ಕೆ ಎರಡು ಬೆರಳಿನ ಜಾಗ, ಸಾಲಿನಿಂದ ಸಾಲಿಗೂ ಅಷ್ಟೇ. ಅಳತೆ ಇಲ್ಲ, ದಾರ ಇಲ್ಲ, ಸುಮ್ಮನೆ ಸೌಟು ಬಗ್ಗಿಸ್ತಾ ಹೋಗೋದು. ಚುಕ್ಕಿ ರಂಗೋಲಿ ಹಾಕಿ ಹಾಕಿ ಪಳಗಿದ ಕೈ. ಧನುರ್ಮಾಸ ಬಂದರೆ ಬೀದಿಯ ಹೆಂಗಸರು, "ಚುಕ್ಕಿ ಮಾತ್ರ ಇಟ್ಕೊಡಿ ತಿರುಮಲಮ್ಮ, ಗೆರೆ ನಾವು ಎಳ್ಕೋತೀವಿ" ಅಂತ ಬೆಳಿಗ್ಗೆ ಬೆಳಿಗ್ಗೇನೇ ಬಾಗಿಲಿಗೆ ಬರೋರು. ಬೇರೆಯವರ ಅಂಗಳದಲ್ಲಿ ಚುಕ್ಕಿ ಓರೆಯಾಗಿ ಬಿದ್ದಿದ್ದರೂ ಸರಿ, ಅದನ್ನ ಕಾಲಲ್ಲಿ ಒರೆಸಿ ಸರಿಯಾದ ಜಾಗಕ್ಕೆ ಇಟ್ಟ ಹೊರತು ಆ ಮಹರಾಯಿತಿಗೆ ಮುಂದಕ್ಕೆ ಹೆಜ್ಜೆ ಬರ್ತಿರಲಿಲ್ಲ. ಈ ಕಣ್ಣೇ ಆಕೆಗೆ ಮುಳುವಾಯಿತು ನೋಡಿ.

ಗಂಡ ನಾರಾಯಣರಾಯರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ. ಸ್ವಂತ ಮನೆ ಇದೆ, ಪಿಂಚಣಿ ಬರುತ್ತೆ, ಊಟ ಬಟ್ಟೆಗೆ ಏನೂ ತೊಂದರೆ ಇಲ್ಲ. ತೊಂದರೆ ಇದ್ದದ್ದು ಹಗಲಿಗೆ. ಸ್ನಾನ, ಪೂಜೆ, ಅಡುಗೆ ಅಂತ ಬೆಳಗ್ಗೆ ಹೇಗೋ ಕಳೆಯುತ್ತೆ. ಒಬ್ಬಳಿಗೆ ಎಷ್ಟು ಹೊತ್ತಿನ ಅಡುಗೆ ಹೇಳಿ? ಒಂದು ಹಿಡಿ ಅಕ್ಕಿ, ಒಂದು ಸೌಟು ಸಾರು. ಆಮೇಲೆ ಸಂಜೆ ದೀಪ ಹಚ್ಚೋವರೆಗೆ ಮಾತಾಡಿಸೋರಿಲ್ಲದೆ ಮನೆ ತಿನ್ನೋಕೆ ಬಂದ ಹಾಗಾಗುತ್ತೆ. ಆ ಹೊತ್ತನ್ನ ತಳ್ಳೋಕೇ ಆಕೆ ಹಪ್ಪಳ ಸಂಡಿಗೆಗೆ ಕೈ ಹಾಕಿದ್ದು. ಮುಂಜಿ, ಮದುವೆ, ಶ್ರಾದ್ಧದ ಮನೆಯವರು ತಿರುಮಲಮ್ಮನ ಹತ್ತಿರವೇ ಮಾಡಿಸೋರು, ಯಾಕಂದ್ರೆ ಆಕೆ ಮಡಿಯಲ್ಲಿ ಮಾಡ್ತಿದ್ದಳು. ಒದ್ದೆ ಸೀರೆ ಉಟ್ಟು ಹಿಟ್ಟು ಕುದಿಸಿ, ಸಂಡಿಗೆ ಒಣಗಿ ಡಬ್ಬಿ ಸೇರೋವರೆಗೆ ಮಡಿಯಲ್ಲಿ ಇಲ್ಲದವರ ಕೈ ಸೋಕಬಾರದು, ಅವರ ಮನೆ ನೀರು ಸೋಕಬಾರದು. ಈ ಕಾಲದಲ್ಲಿ ಇದೆಲ್ಲ ಏನಮ್ಮ ಅಂತ ನಗೋರು ನಗಲಿ, ಸಂಡಿಗೆ ಮಾಡಿಸಿಕೊಳ್ಳೋರು ಮಾತ್ರ ಅದನ್ನ ಕೇಳಿಯೇ ತಗೊಂಡು ಹೋಗೋರು.

ಪಕ್ಕದ ಮನೆಯವಳು ಅಜ್ರಾ. ಗೋಡೆಗೆ ಗೋಡೆ ಅಂಟಿದ ಮನೆ, ಅವಳದು ಒಂದು ಅಂತಸ್ತು ಎತ್ತರ. ಅವಳ ಗಂಡ ಗೌಸ್ ಮೊಹಿದ್ದೀನ್ ನಂಗಲಿಯಲ್ಲಿ ಹೈವೇ ಪಕ್ಕ ಲಾರಿಗಳಿಗೆ ಟಾರ್ಪಾಲು ಹೊಲಿದು ಮಾರೋ ಅಂಗಡಿ ಇಟ್ಟಿದ್ದ. ವಾರವೆಲ್ಲ ಅಲ್ಲೇ ಇದ್ದು ಶುಕ್ರವಾರ ಮನೆಗೆ ಬರೋನು. ಮಗಳು ಇಶ್ರತ್ ಮದುವೆಯಾಗಿ ಮಾಲೂರು ಸೇರಿದ್ದಳು. ಅಜ್ರಾ ತನ್ನ ಮಹಡಿ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬೀದಿಯವರ ರವಿಕೆ ಹೊಲಿಯೋಳು. ಕೆಳಗಿನ ತಾರಸಿಯಲ್ಲಿ ತಿರುಮಲಮ್ಮ, ಮೇಲಿನ ತಾರಸಿಯಲ್ಲಿ ಅಜ್ರಾ, ನಡುವೆ ಒಂದು ಮೋಟು ಗೋಡೆ. ಹೀಗೆ ಹನ್ನೆರಡು ವರ್ಷ ಆ ಇಬ್ಬರು ಹೆಂಗಸರು ಆಡದ ಮಾತಿಲ್ಲ, ಬೈಯದ ಜನವಿಲ್ಲ.

ಮುಳಬಾಗಿಲಲ್ಲಿ ಕೋತಿಗಳ ಕಾಟ ಗೊತ್ತಲ್ಲ? ಸಂಡಿಗೆ ಕಂಡರೆ ಊರಿನ ಹಿಂಡೆಲ್ಲ ಬಂದು ಕೂರುತ್ತೆ. ತಿರುಮಲಮ್ಮನಿಗೆ ಮಂಡಿ ನೋವು, ಮತ್ತೆ ಮತ್ತೆ ಮೆಟ್ಟಿಲು ಹತ್ತೋಕಾಗಲ್ಲ. ಅದಕ್ಕೆ ಕಾವಲು ಅಜ್ರಾದು. ಕಿಟಕಿ ಪಕ್ಕವೇ ಮಿಷನ್ ಎಳೆದುಕೊಂಡು ಕೂತು, "ಅಕ್ಕಾ, ಬಂದ್ವು ನಿಮ್ಮ ನೆಂಟರು!" ಅಂತ ಕೂಗಿ, ತಟ್ಟೆ ಬಡಿದು ಓಡಿಸೋಳು. ಮಳೆ ಮೋಡ ಕಂಡರೂ ಅವಳದೇ ಕೂಗು. ಇನ್ನೊಂದು ವಿಷಯ. ಸಂಡಿಗೆ ಇಡೋ ದಿನ ಅಜ್ರಾ ತನ್ನ ಒಗೆದ ಬಟ್ಟೆಯನ್ನ ಈ ಕಡೆ ಹರವುತ್ತಲೇ ಇರಲಿಲ್ಲ, ರಸ್ತೆ ಕಡೆಗೆ ಬೇರೆ ಹಗ್ಗ ಕಟ್ಟಿಕೊಂಡಿದ್ದಳು. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಅವಳೇ ತಿಳಿದುಕೊಂಡು ಮಾಡ್ತಿದ್ದಳು. ತಿರುಮಲಮ್ಮ ಅದನ್ನ ನೋಡಿದ್ದಳು, ಆದರೆ ಬಾಯಿಬಿಟ್ಟು ಒಂದು ದಿನವೂ ಹೇಳಿರಲಿಲ್ಲ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಮುಂಜಿ ಮನೆಯವರು ಅಕ್ಕಿ ಸಂಡಿಗೆ ಹೇಳಿದ್ದರು. ಒಳ್ಳೇ ಬಿಸಿಲು. ತಿರುಮಲಮ್ಮ ಪಂಚೆ ತುಂಬ ಸಂಡಿಗೆ ಇಟ್ಟು, ಕೆಳಗೆ ಬಂದು ಊಟ ಮಾಡಿ, ಕುಕ್ಕರು ತೊಳೆದಿಟ್ಟು ಅರೆಗಳಿಗೆ ನೆಲದ ಮೇಲೆ ಒರಗಿದಳು. ಅಷ್ಟೇ, ಕಣ್ಣು ಹತ್ತಿಬಿಟ್ಟಿತು. ಎದ್ದು ತಾರಸಿಗೆ ಹೋಗಿ ನೋಡ್ತಾಳೆ, ಸಂಡಿಗೆ ಮೇಲೆ ನೀರಿನ ಹನಿ! ಹಸಿ ಸಂಡಿಗೆಯಲ್ಲಿ ಹನಿ ಬಿದ್ದ ಕಡೆ ಗುಳಿ ಗುಳಿ. ಆಕಾಶ ನೋಡಿದರೆ ಬಿಸಿಲು ಹೊಡೀತಿದೆ, ತಾರಸಿಯ ಸಿಮೆಂಟು ಒಣಗಿ ಕಾದಿದೆ. ಮೇಲೆ ಮೋಟು ಗೋಡೆಗೆ ಒರಗಿ ಅಜ್ರಾ ನಿಂತಿದ್ದಾಳೆ, ತೋಳಿನಲ್ಲಿ ಬಟ್ಟೆ ರಾಶಿ.

"ಮಳೆ ಅಕ್ಕಾ! ಎಷ್ಟು ಕೂಗಿದೆ ನಿಮ್ಮನ್ನ, ಕೇಳಿಸ್ಲೇ ಇಲ್ವಲ್ಲ. ನಾಲ್ಕು ಹನಿ ಹಾಕಿ ಓಡಿಹೋಯ್ತು ನೋಡಿ" ಅಂದಳು ಅಜ್ರಾ.

ತಿರುಮಲಮ್ಮ ಬಗ್ಗಿ ಪಂಚೆ ನೋಡಿದಳು. ಗೋಡೆ ಕಡೆಯ ಮೂಲೆಯಲ್ಲಿ ಐದಾರು ಹನಿ ಒತ್ತೊತ್ತಾಗಿ ಬಿದ್ದಿದ್ದವು. ಅದರ ಪಕ್ಕ ಒಂದು ಮೊಳ ಜಾಗ ಸ್ವಚ್ಛ, ಒಂದು ಗುಳಿ ಇಲ್ಲ. ನಡುವೆ ಜೋಡಿ ಹನಿ, ಮತ್ತೆ ಆ ತುದಿಗೆ ಒಂದು ಗುಂಪು. ಮಳೆ ಅಂದರೆ ಹೀಗಿರುತ್ತಾ? ಮಳೆ ಅಂದರೆ ಜರಡಿ ಹಿಡಿದ ಹಾಗೆ ಎಲ್ಲ ಕಡೆಗೂ ಒಂದೇ ಸಮ ಬೀಳಬೇಕು. ಗುಂಪು ಗುಂಪಾಗಿ ಬೀಳಬೇಕಾದರೆ ಯಾರೋ ಒದ್ದೆ ಬಟ್ಟೆ ಕೊಡವಿರಬೇಕು. ಚುಕ್ಕಿ ಇಡೋ ಕಣ್ಣಿಗೆ ಅಷ್ಟೂ ಗೊತ್ತಾಗಲ್ವೇ?

"ಮಳೆ ಹೀಗೆ ಆರಿಸ್ಕೊಂಡು ಬೀಳಲ್ಲ ಕಣೇ" ಅಂದಳು ತಿರುಮಲಮ್ಮ. "ನಿಮ್ಮನೆ ಬಟ್ಟೆ ನೀರು ಇದು."

ಅಜ್ರಾ ಮೊದಲು ನಕ್ಕಳು, ತಮಾಷೆ ಅಂದುಕೊಂಡು. ಆಮೇಲೆ ಮುಖ ನೋಡಿ ನಗು ನಿಂತಿತು. "ಅಲ್ಲಾ ಆಣೆಗೂ ಮಳೆ ಅಕ್ಕಾ. ಮಳೆ ಬಂತು ಅಂತಾನೇ ಆ ಕಡೆ ಹಗ್ಗದಿಂದ ಎಳ್ಕೊಂಡು ಬಂದೆ. ನಿಮ್ಮನ್ನ ಕೂಗೋಕೆ ಈ ಕಡೆ ಬಂದೆ. ಮುಟ್ಟಿ ನೋಡಿ, ಬಟ್ಟೆ ಒಣಗೇ ಇದೆ."

ಮುಟ್ಟಿ ನೋಡೋದಂತೆ! ಮಡಿಯಲ್ಲಿದ್ದವಳು ಅವಳ ಬಟ್ಟೆ ಮುಟ್ಟುತ್ತಾಳಾ? ತಿರುಮಲಮ್ಮನಿಗೆ ಇನ್ನೂ ರೇಗಿತು. ಸುಮ್ಮನೆ ಕೆಳಗೆ ಹೋಗಿದ್ದರೂ ಆಗಿರೋದು, ಮುಂಜಿ ಮನೆಗೆ ಬೇರೆ ಸಂಡಿಗೆ ಮಾಡಿಕೊಟ್ಟಿದ್ದರೂ ಆಗಿರೋದು. ಹಾಗೆ ಮಾಡಲಿಲ್ಲ ನೋಡಿ. ಪಂಚೆಯ ನಾಲ್ಕು ಮೂಲೆ ಸೇರಿಸಿ ಎತ್ತಿ, ಅಜ್ರಾ ನೋಡ್ತಾ ಇದ್ದ ಹಾಗೇ, ಅಷ್ಟೂ ಸಂಡಿಗೆಯನ್ನ ತಾರಸಿಯಿಂದ ಬೀದಿಗೆ ಸುರಿದಳು. ಕೆಳಗೆ ಬೀದಿ ಹಸುಗಳು ಬಂದು ಮುಕ್ಕಿದವು. ಅಜ್ರಾ ಬಟ್ಟೆ ರಾಶಿ ಅಪ್ಪಿಕೊಂಡು ನಿಂತೇ ಇದ್ದಳು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಸೊಪ್ಪು ಮಾರೋ ದೊಡ್ಡಮುನಿಯಪ್ಪ ಸೈಕಲ್ ತಳ್ಳಿಕೊಂಡು ಬಂದಾಗ ತಿರುಮಲಮ್ಮ, "ಮಧ್ಯಾಹ್ನ ಮಳೆ ಬಂತೇನಪ್ಪಾ ನಿಮ್ಮ ಕಡೆ?" ಅಂತ ಕೇಳಿದಳು. ಅವನಿದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರ. "ಲೇದಮ್ಮಾ, ಒಕ್ಕ ಚುಕ್ಕ ಕೂಡಾ ಪಡಲೇದು. ಒಂದು ಹನೀನೂ ಇಲ್ಲ, ಸೊಪ್ಪೆಲ್ಲ ಬಾಡಿ ಹೋಯ್ತು" ಅಂದ. ಸಾಕಾಯಿತು ಆಕೆಗೆ. ನೋಡಿದೆಯಾ, ನಾನು ಹೇಳಿದ್ದೇ ನಿಜ ಅಂತ ತನಗೆ ತಾನೇ ಹೇಳಿಕೊಂಡು ಬಾಗಿಲು ಹಾಕಿದಳು. ಅಲ್ಲಾ, ಈ ಬೀದಿಯಲ್ಲಿ ಸುರಿದ ಮಳೆ ಆ ಬೀದಿಯಲ್ಲಿ ಸುರಿಯದೇ ಇರೋದನ್ನ ಆ ಪುಣ್ಯಾತ್ಗಿತ್ತಿ ಜೀವಮಾನದಲ್ಲಿ ನೋಡಿರಲಿಲ್ಲವೇ? ನೋಡಿದ್ದಳು. ಆದರೆ ಸಿಟ್ಟು ಬಂದಾಗ ಬೇಕಾದ್ದು ಮಾತ್ರ ನೆನಪಿಗೆ ಬರುತ್ತೆ.

ಅಜ್ರಾ ಆಮೇಲೆ ಮೋಟು ಗೋಡೆ ಹತ್ತಿರ ಬರಲಿಲ್ಲ. ಮಿಷನ್ ಸದ್ದು ಕೇಳಿಸೋದು, ಅವಳ ತಲೆ ಕಾಣಿಸೋದಿಲ್ಲ. ಬರ್ತಾಳೆ, ತಪ್ಪಾಯ್ತು ಅಂತಾಳೆ, ಹೋಗಲಿ ಬಿಡೇ ಅಂದುಬಿಡೋಣ ಅಂತ ತಿರುಮಲಮ್ಮ ಕಾದಳು. ಕ್ಷಮಿಸೋಕೆ ರೆಡಿಯಾಗಿ ಕೂತಿದ್ದಳು ಪಾಪ, ಕೇಳೋರು ಬರಬೇಕಲ್ಲ! ಮುಂದಿನ ಸಲ ಸಂಡಿಗೆ ಇಟ್ಟಾಗ ಕೋತಿಗಳು ಬಂದು ಪಂಚೆ ಸಮೇತ ಎಳೆದುಕೊಂಡು ಹೋದವು. ಆ ಸದ್ದಿಗೆ ಮೇಲಿನ ಮಿಷನ್ ಒಂದು ಕ್ಷಣ ನಿಂತಿತು, ತಿರುಮಲಮ್ಮ ಮೇಲೆ ನೋಡಿದಳು. ಮಿಷನ್ ಮತ್ತೆ ಶುರುವಾಯಿತು.

ರಂಜಾನ್ ಬಂತು. ಪ್ರತಿ ವರ್ಷ ಅಜ್ರಾ ಮೂಸಂಬಿ, ಖರ್ಜೂರದ ಪೊಟ್ಟಣ, ಸುಲಿಯದ ತೆಂಗಿನಕಾಯಿ ತಂದು ಬಾಗಿಲಲ್ಲಿ ಇಟ್ಟು, "ಬೇಯಿಸಿದ್ದು ಏನೂ ಇಲ್ಲ ಅಕ್ಕಾ, ಹಣ್ಣು ಅಷ್ಟೇ" ಅಂತ ನಗೋಳು. ಆ ಹಬ್ಬದ ದಿನ ತಿರುಮಲಮ್ಮ ಬಾಗಿಲು ತೆಗೆದೇ ಇಟ್ಟಿದ್ದಳು. ಹಬ್ಬ ಕಳೆಯಿತು, ಯಾರೂ ಬರಲಿಲ್ಲ. ಅವತ್ತು ಮಾತ್ರ ಆಕೆಗೆ ಅಳು ಬಂತು.

ಆಮೇಲೆ ಸ್ವಲ್ಪ ದಿನಕ್ಕೆ ಪಕ್ಕದ ಮನೆ ಮುಂದೆ ಲಾರಿ ನಿಂತಿತು. ನಂಗಲಿಯಲ್ಲಿ ಅಂಗಡಿ ಹಿಂದೆಯೇ ಎರಡು ಕೋಣೆ ಸಿಕ್ಕಿದೆಯಂತೆ, ಗೌಸ್ ಮೊಹಿದ್ದೀನ್ ಹೆಂಡತಿಯನ್ನ ಅಲ್ಲಿಗೇ ಕರೆದುಕೊಂಡು ಹೋಗ್ತಿದ್ದಾನಂತೆ. ಬೀರು, ಮಂಚ, ಮಿಷನ್ ಎಲ್ಲ ಲಾರಿ ಹತ್ತಿದವು. ತಿರುಮಲಮ್ಮ ಕಿಟಕಿ ಸಂದಿಯಲ್ಲಿ ನಿಂತು ನೋಡಿದಳು. ಹೊರಗೆ ಬಂದು "ಹೋಗ್ತೀಯೇನೇ?" ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ಈಕೆಗೆ? ಕರೆದರೆ ಹೋಗೋಣ ಅನ್ನೋ ಬಿಗುಮಾನ. ಅಜ್ರಾ ಲಾರಿ ಹತ್ತೋಕೆ ಮುಂಚೆ ಒಂದು ಸಲ ಈ ಬಾಗಿಲ ಕಡೆ ತಿರುಗಿ ನೋಡಿದಳು. ಕರೆಯಲಿಲ್ಲ. ಲಾರಿ ಹೋಯಿತು. ಆವತ್ತಿನಿಂದ ಮಧ್ಯಾಹ್ನದ ಹೊತ್ತು ಮಿಷನ್ ಸದ್ದೂ ಇಲ್ಲವಾಯಿತು.

ಆ ವರ್ಷ ತಿರುಮಲಮ್ಮನ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದವಳು ಸೌಪರ್ಣಿಕಾ ಅಂತ, ಶ್ರೀನಿವಾಸಪುರದ ಹುಡುಗಿ. ಡಿಗ್ರಿ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡ್ತಿದ್ದಳು. ಬೆಳಿಗ್ಗೆ ಹೋದರೆ ಸಂಜೆ ಬರೋಳು, ಶನಿವಾರ ಊರಿಗೆ ಓಡೋಳು, ಮಾತಿಗೆ ಸಿಗೋದೇ ಕಷ್ಟ. ಮೇ ತಿಂಗಳ ಒಂದು ಭಾನುವಾರ ಊರಿಗೆ ಹೋಗದೆ ಉಳಿದಿದ್ದವಳು, ಮೋಡ ಕವಿದದ್ದು ನೋಡಿ ಅಡುಗೆಮನೆ ಬಾಗಿಲಿಗೆ ಬಂದಳು.

"ಅಮ್ಮಾ, ಒಂದು ದೊಡ್ಡ ತಟ್ಟೆ, ಸ್ವಲ್ಪ ಹಿಟ್ಟು ಕೊಡ್ತೀರಾ? ಮಳೆಗೆ ಹಿಡೀಬೇಕು."

"ಮಳೆಗೆ ಹಿಟ್ಟು ಹಿಡಿಯೋದಾ? ತಲೆ ಸರಿಯಾಗಿದೆಯೇನೇ ಹುಡುಗಿ?"

"ಪಾಠಕ್ಕೆ ಅಮ್ಮಾ. ಹನಿ ಬಿದ್ದ ಕಡೆ ಹಿಟ್ಟಿನಲ್ಲಿ ಗುಳಿ ಉಳಿಯುತ್ತೆ. ಫೋಟೋ ತೆಗೆದು ಹುಡುಗರಿಗೆ ತೋರಿಸ್ತೀನಿ. ಮಳೆ ಹನಿ ಹೇಗೆ ಚದುರಿ ಬೀಳುತ್ತೆ ಅಂತ."

ತಿರುಮಲಮ್ಮನ ಕೈ ಅಲ್ಲೇ ನಿಂತಿತು. ಹನಿ ಬಿದ್ದ ಗುಳಿ ಅಂದ ಕೂಡಲೇ ಅವತ್ತಿನ ಪಂಚೆ ಕಣ್ಣ ಮುಂದೆ ಬಂತು. ಒಳಗೆ ಹೋಗಿ ಹುಳ ಬಿದ್ದ ಮೈದಾ ಡಬ್ಬಿ ತಂದಳು, ದೊಡ್ಡ ಹಿತ್ತಾಳೆ ಪರಾತ ತಂದಳು. ಹಿಟ್ಟು ಹರಡಿ, ಸೌಪರ್ಣಿಕಾ ಸ್ಕೇಲು ಹುಡುಕ್ತಾ ಇದ್ದ ಹಾಗೇ, ಬರೀ ಬೆರಳಿನಲ್ಲಿ ಅಡ್ಡ ಉದ್ದ ಗೆರೆ ಎಳೆದು ಸಮಸಮನಾದ ಚೌಕ ಮಾಡಿಕೊಟ್ಟಳು.

"ಅಬ್ಬಾ!" ಅಂದಳು ಹುಡುಗಿ. "ಈಗ ಹೇಳಿ ಅಮ್ಮಾ. ಇಲ್ಲಿ ಎಷ್ಟು ಚೌಕ ಇದೆಯೋ ಹೆಚ್ಚುಕಮ್ಮಿ ಅಷ್ಟೇ ಹನಿ ಬಿದ್ದರೆ, ಎಷ್ಟು ಚೌಕ ಖಾಲಿ ಉಳಿಯುತ್ತೆ?"

"ಖಾಲಿ ಯಾಕೆ ಉಳಿಯುತ್ತೆ? ಒಂದೊಂದಕ್ಕೆ ಒಂದೊಂದು ಬೀಳುತ್ತೆ. ಎಲ್ಲೋ ಒಂದೆರಡು ತಪ್ಪಬಹುದು."

ಮಳೆ ಬಂತು. ಮೊದಲನೇ ಸಲ ಹೊರಗೆ ಜಾಸ್ತಿ ಹೊತ್ತು ಹಿಡಿದು ಹಿಟ್ಟೆಲ್ಲ ದೋಸೆ ಹಿಟ್ಟಾಯಿತು. ಇಬ್ಬರಿಗೂ ನಗು. ಎರಡನೇ ಸಲ ಹುಡುಗಿ ತಟ್ಟೆಯನ್ನ ಹೀಗೆ ಚಾಚಿ ಹಾಗೆ ಎಳೆದುಕೊಂಡಳು. ಮೆಟ್ಟಿಲ ತಲೆಯಲ್ಲಿ ಕೂತು ಇಬ್ಬರೂ ಬಗ್ಗಿ ನೋಡಿದರು.

ತಿರುಮಲಮ್ಮನ ನಗು ಹೋಯಿತು. ಒಂದು ಚೌಕದಲ್ಲಿ ನಾಲ್ಕು ಗುಳಿ ಒತ್ತೊತ್ತಾಗಿ. ಅದರ ಪಕ್ಕ ಮೂರು ಚೌಕ ಖಾಲಿ. ಇನ್ನೊಂದರಲ್ಲಿ ಜೋಡಿ. ಒಟ್ಟು ಚೌಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿಯೇ ಬರಿದಾಗಿ ಉಳಿದಿತ್ತು. ಒಂದು ಮೂಲೆಯಂತೂ ಯಾರೋ ಕೈಯಾರೆ ಚಿಮುಕಿಸಿದ ಹಾಗಿತ್ತು.

"ನೀನು ತಟ್ಟೆ ಓರೆ ಹಿಡಿದೆ" ಅಂದಳು ಆಕೆ. "ಇನ್ನೊಂದ್ಸಲ ಹಿಡಿ."

ಹಿಟ್ಟು ಬದಲಾಯಿಸಿ ಹಿಡಿದರು. ಈ ಸಲ ಗುಂಪು ಬೇರೆ ಕಡೆ, ಖಾಲಿ ಬೇರೆ ಕಡೆ. ಆದರೆ ಖಾಲಿ ಚೌಕಗಳು ಮತ್ತೆ ಹತ್ತಿರ ಹತ್ತಿರ ಅಷ್ಟೇ.

"ಅದೇ ಅಮ್ಮಾ ಇದರ ಮಜಾ" ಅಂದಳು ಸೌಪರ್ಣಿಕಾ, ಉತ್ಸಾಹದಲ್ಲಿ. "ಯಾವ ಚೌಕ ಖಾಲಿ ಉಳಿಯುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ. ಎಷ್ಟು ಉಳಿಯುತ್ತೆ ಅಂತ ಮಾತ್ರ ಹೇಳಬಹುದು. ಒಂದು ಹನಿಗೆ ಇನ್ನೊಂದು ಎಲ್ಲಿ ಬಿತ್ತು ಅಂತ ಗೊತ್ತಿರಲ್ಲ ಅಲ್ವಾ? ಒಂದೊಂದೂ ತನ್ನ ಪಾಡಿಗೆ ತಾನು ಒಂಟಿಯಾಗಿ ಬರುತ್ತೆ. ಅದಕ್ಕೇ ಕೆಲವು ಕಡೆ ಗುಂಪು, ಕೆಲವು ಕಡೆ ಏನೂ ಇಲ್ಲ. ಸಾಲಾಗಿ, ಸಮವಾಗಿ ಬಿದ್ದಿದ್ರೆ ಆಗ ಅನುಮಾನ ಪಡಬೇಕು, ಯಾರೋ ಇಟ್ಟಿದ್ದಾರೆ ಅಂತ."

ತಿರುಮಲಮ್ಮ ಪರಾತ ಮುಂದಿಟ್ಟುಕೊಂಡು ಕೂತೇ ಇದ್ದಳು. ಹುಡುಗಿ ಫೋಟೋ ತೆಗೆದುಕೊಂಡು ಒಳಗೆ ಹೋದಳು. ಮಳೆ ನಿಂತಿತು. ಮೇಲಿನ ತಾರಸಿಯ ಬೀಗ ಹಾಕಿದ ಕೋಣೆಯನ್ನ ನೋಡಿ ನೋಡಿ ಆಕೆಗೆ ತನ್ನ ಮೇಲೇ ಅಸಹ್ಯವಾಯಿತು. ಅಯ್ಯೋ ದೇವರೇ, ನನ್ನ ಸಂಡಿಗೆ ಕಾಯ್ತಾ ಕೂತಿದ್ದವಳಿಗೆ ನಾನು ಏನಂದೆ! ಹೋಗಬೇಕು, ಹೋಗಿ ಹೇಳಿಬಿಡಬೇಕು. ಅಜ್ರಾ ದೊಡ್ಡ ಮನಸ್ಸಿನವಳು, "ಹೋಗ್ಲಿ ಬಿಡಿ ಅಕ್ಕಾ" ಅಂತಾಳೆ, ಮತ್ತೆ ಎಲ್ಲ ಮೊದಲಿನ ಹಾಗಾಗುತ್ತೆ. ಇಷ್ಟು ತಿಂಗಳಲ್ಲಿ ಮೊದಲ ಸಲ ಆಕೆಗೆ ಹೊಟ್ಟೆ ಹಸಿಯಿತು.

ಮಾರನೇ ದಿನ ಬೆಳಿಗ್ಗೆ ಊಟ ಮುಗಿಸಿ ನಂಗಲಿ ಬಸ್ ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನ ಮನಸ್ಸಿನಲ್ಲೇ ಜೋಡಿಸಿದಳು. ಹೈವೇ ಪಕ್ಕ ಇಳಿದು, ಲಾರಿಗಳ ನಡುವೆ ಮಂಡಿ ಹಿಡಿದುಕೊಂಡು ನಡೆದು ಅಂಗಡಿ ಹುಡುಕಿದಳು. ನೀಲಿ ಟಾರ್ಪಾಲಿನ ಗುಡ್ಡೆಯ ನಡುವೆ ಅಜ್ರಾ ದೊಡ್ಡ ಮಿಷನ್ ಮುಂದೆ ಕೂತು ಅಂಚು ಹೊಲೀತಿದ್ದಳು. ತಲೆ ಎತ್ತಿ ನೋಡಿ ಗಾಬರಿಯಾಗಿ ಎದ್ದು ನಿಂತಳು.

"ಬನ್ನಿ ಅಮ್ಮಾವ್ರೇ."

ಹನ್ನೆರಡು ವರ್ಷದಲ್ಲಿ ಅಜ್ರಾ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ತಿರುಮಲಮ್ಮ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಕಲಸಿಹೋಯಿತು. ಅಜ್ರಾ ಕುರ್ಚಿ ಒರೆಸಿ ಹಾಕಿದಳು, ಫ್ಯಾನು ಈ ಕಡೆ ತಿರುಗಿಸಿದಳು. ಪಕ್ಕದ ಅಂಗಡಿಗೆ ತಾನೇ ಹೋಗಿ ನೀರಿನ ಬಾಟಲಿ ತಂದು, ಕೈಗೆ ಕೊಡದೆ ಸ್ಟೂಲಿನ ಮೇಲಿಟ್ಟು, "ಸೀಲ್ ಒಡೆದಿಲ್ಲ, ನೋಡಿ ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ" ಅಂದಳು. ಕುಹಕ ಇರಲಿಲ್ಲ ಆ ಮಾತಿನಲ್ಲಿ, ಅದನ್ನೇ ಆಕೆಗೆ ತಡೆಯೋಕಾಗಲಿಲ್ಲ.

"ಮಳೆ ಬೀಳೋದೇ ಹಾಗಂತೆ ಕಣೇ ಅಜ್ರಾ" ಅಂತ ಶುರು ಮಾಡಿದಳು. ಪರಾತ, ಹಿಟ್ಟು, ಚೌಕ, ಗುಂಪು ಬಿದ್ದ ಹನಿ, ಖಾಲಿ ಉಳಿದ ಜಾಗ, ಎಲ್ಲ ಒಂದೇ ಉಸಿರಿಗೆ ಹೇಳಿದಳು. "ಎರಡೆರಡು ಸಲ ಹಿಡಿದು ಕಣ್ಣಾರೆ ನೋಡಿದೆ. ನಿನ್ನ ತಪ್ಪು ಏನೂ ಇಲ್ಲ. ನನ್ನದೇ ತಪ್ಪು ಕಣೇ, ನೀನು ಹೇಳಿದ್ದೇ ನಿಜ."

ಅಜ್ರಾ ನೆಲ ನೋಡ್ತಾ ಪೂರ್ತಿ ಕೇಳಿದಳು. "ನಿಜ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ" ಅಂದಳು ಮೆಲ್ಲಗೆ. ಆಮೇಲೆ, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹಿಟ್ಟಿನಲ್ಲಿ ಹನಿ ಸಾಲಾಗಿ ಬಿದ್ದಿದ್ರೆ ಇವತ್ತು ನೀವು ಇಲ್ಲಿಗೆ ಬರ್ತಿದ್ರಾ?"

ಬರ್ತಿದ್ದೆ ಅಂತ ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತೆ, ನಿಜ ಹೇಳೋಕೆ ಮುಖ ಇಲ್ಲ. ಹೊರಗೆ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು.

ತಿರುಮಲಮ್ಮ ಬಾಟಲಿಯನ್ನ ಪಕ್ಕಕ್ಕೆ ಸರಿಸಿದಳು. ಅಂಗಡಿ ಹಿಂದಿನ ಅಡುಗೆಮನೆಯಲ್ಲಿ ಮುಚ್ಚಿಟ್ಟ ಬಿಂದಿಗೆ ಕಾಣಿಸ್ತಿತ್ತು. "ನಿಮ್ಮ ಬಿಂದಿಗೆಯಿಂದ ಒಂದು ಲೋಟ ನೀರು ಕೊಡೇ" ಅಂದಳು. "ಕುಡೀತೀನಿ." ಹುಟ್ಟಿದಾಗಿನಿಂದ ಯಾರ ಮನೆಯಲ್ಲೂ ಹಾಗೆ ಕೇಳಿದವಳಲ್ಲ.

ಅಜ್ರಾಳ ಕಣ್ಣು ತುಂಬಿ ಬಂತು. ಬಿಂದಿಗೆ ಕಡೆ ಒಂದು ಹೆಜ್ಜೆ ಇಟ್ಟಳು, ನಿಂತಳು.

"ನೀವು ಕುಡೀತೀರಿ ಅಕ್ಕಾ, ನಂಗೊತ್ತು" ಅಂದಳು. "ನಂಗೇ ಕೊಡೋಕೆ ಕೈ ಬರ್ತಿಲ್ಲ."

ಇಶ್ರತ್ ಹೇಗಿದ್ದಾಳೆ ಅಂತ ತಿರುಮಲಮ್ಮ ಕೇಳಿದಳು, ಚೆನ್ನಾಗಿದ್ದಾಳೆ ಅಂದಳು ಅಜ್ರಾ. ಮುಳಬಾಗಿಲು ಬಸ್ ಬಂದಾಗ ಅಜ್ರಾನೇ ರಸ್ತೆ ದಾಟಿಸಿ, ಮಂಡಿ ನೋವಿನವಳು ಅಂತ ಕಂಡಕ್ಟರ್‌ಗೆ ಹೇಳಿ, ತೋಳು ಹಿಡಿದು ಜೋಪಾನವಾಗಿ ಹತ್ತಿಸಿದಳು. ಕಿಟಕಿ ಪಕ್ಕ ಸೀಟು ಸಿಗೋವರೆಗೂ ಕೆಳಗೆ ನಿಂತು ನೋಡಿದಳು. ಮತ್ತೆ ಬನ್ನಿ ಅಂತ ಮಾತ್ರ ಅನ್ನಲಿಲ್ಲ.